ಫ್ರಾಸ್ಟ್ ಮೇಜ್ ಲೆವೆಲಿಂಗ್: ಎರಡು ಕೊಲೆಗೆ ಒಮ್ಮೆ ಕುಳಿತು ನೀರು ಕುಡಿಯುವುದನ್ನು ತಪ್ಪಿಸುವುದು ಹೇಗೆ?

ಬೆಳ್ಳಿಗೂಬೆ:
ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಎಂಬ ಆನ್‌ಲೈನ್ ಆಟದಲ್ಲಿ ಇದೇ ಮೊದಲ ಬಾರಿ ಮೇಜ್ (ಮಂತ್ರಗಾರ) ಆಡುತ್ತಿದ್ದೇನೆ. ಈಗ ಲೆವೆಲ್ 18. ಲೆವೆಲ್ ಏರಿದಂತೆ ಸಿಗುವ ಟ್ಯಾಲೆಂಟ್ ಅಂಕಗಳೆಲ್ಲ ಫ್ರಾಸ್ಟ್ (ಹಿಮ) ಶಾಖೆಗೇ ಹೋಗಿವೆ: ಇಂಪ್ರೂವ್ಡ್ ಫ್ರಾಸ್ಟ್‌ಬೋಲ್ಟ್‌ಗೆ ಐದು, ಫ್ರಾಸ್ಟ್‌ಬೈಟ್‌ಗೆ ಮೂರು, ಐಸ್ ಶಾರ್ಡ್ಸ್‌ಗೆ ಒಂದು. ಸಾಯುವುದು ಅಪರೂಪ, ಆ ಬಗ್ಗೆ ದೂರಿಲ್ಲ. ಆದರೆ ಎರಡು ಶತ್ರುಗಳನ್ನು ಕೊಂದ ಮೇಲೆ ಮಂತ್ರಕ್ಕೆ ಬೇಕಾದ ಶಕ್ತಿಯಾದ ಮಾನಾ ತಳ ಕಾಣುತ್ತದೆ. ಕುಳಿತು ನೀರು ಕುಡಿದು ಏಳುವಷ್ಟರಲ್ಲಿ ಜೊತೆಗೆ ಆಟ ಶುರು ಮಾಡಿದ, ರೋಗ್ ಎಂಬ ಪಾತ್ರ ಆಡುವ ಗೆಳೆಯ ಮುಂದಿನ ಕ್ವೆಸ್ಟ್‌ಗೆ ಹೋಗಿಬಿಟ್ಟಿರುತ್ತಾನೆ. ಈ ಹಂತದಲ್ಲಿ ಫೈರ್ (ಬೆಂಕಿ) ಶಾಖೆ ಉತ್ತಮವೇ? ಹಿಂಡುಹಿಂಡಾಗಿ ಕೊಲ್ಲುವ ವಿಧಾನ ನಿಜಕ್ಕೂ ಯಾವಾಗಿನಿಂದ ಸಾಧ್ಯ? ಸರಿಯಾಗಿ ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ನಡುರಾತ್ರಿ:
ಫ್ರಾಸ್ಟ್ ಬಿಡಬೇಡಿ. ನಿಮ್ಮ ತೊಂದರೆ ಶಾಖೆಯದ್ದಲ್ಲ, ಮಾನಾ ಖರ್ಚಿನದ್ದು.

ಮೇಜ್ ಎಷ್ಟು ಬೇಗ ಕೊಲ್ಲುತ್ತದೆ ಎಂಬುದನ್ನೇ ಎಲ್ಲರೂ ನೋಡುತ್ತಾರೆ. ನಾನು ನೋಡುವುದು ಒಂದು ಶತ್ರುವಿನ ಮೇಲೆ ಮೊದಲ ಮಂತ್ರ ಹೊರಟ ಕ್ಷಣದಿಂದ ಮುಂದಿನ ಶತ್ರುವಿನ ಮೇಲೆ ಮೊದಲ ಮಂತ್ರ ಹೊರಡುವ ಕ್ಷಣದವರೆಗಿನ ಸಮಯವನ್ನು. ಕೊಲ್ಲುವುದು, ಜೇಬು ತಡಕುವುದು, ನಡೆಯುವುದು, ಕುಡಿಯುವುದು ಎಲ್ಲ ಅದರೊಳಗೆ ಬಂತು. ಮೇಜ್ ತಾನೇ ಸೃಷ್ಟಿಸುವ ಕಾಂಜರ್ಡ್ ವಾಟರ್‌ನ ಮೊದಲ ದರ್ಜೆಯನ್ನು ಪೂರ್ತಿ ಕುಡಿಯಲು 18 ಸೆಕೆಂಡ್ ಬೇಕು, ದರ್ಜೆ ಏರಿದಂತೆ ಅದು 30 ಸೆಕೆಂಡ್‌ವರೆಗೆ ಹೋಗುತ್ತದೆ. ಒಂದು ಶತ್ರುವನ್ನು ಮೂರು ಸೆಕೆಂಡ್ ಬೇಗ ಕೊಲ್ಲಲು ಹೋಗಿ ಮಾನಾ ಸುರಿದರೆ ಉಳಿಸಿದ್ದಕ್ಕಿಂತ ಹೆಚ್ಚನ್ನು ಹುಲ್ಲಿನ ಮೇಲೆ ಕುಳಿತು ಕಳೆಯುತ್ತೀರಿ.

ಐದು ಸೆಕೆಂಡ್ ನಿಯಮ ನಿಮಗೆ ಗೊತ್ತಿರಬಹುದು. ಮಾನಾ ಖರ್ಚಾಗುವ ಮಂತ್ರ ಹಾಕಿದ ಮೇಲೆ ಐದು ಸೆಕೆಂಡ್ ಕಾಲ ಸ್ಪಿರಿಟ್ ಎಂಬ ಗುಣದಿಂದ ತಾನಾಗಿ ಬರುವ ಮಾನಾ ನಿಂತುಹೋಗುತ್ತದೆ. ಆ ಐದು ಸೆಕೆಂಡ್ ದಾಟಿದರೆ ಮತ್ತೆ ಹರಿಯತೊಡಗುತ್ತದೆ. ವ್ಯಾಂಡ್ (ಮಂತ್ರದಂಡ) ಹೊಡೆತಕ್ಕೆ ಮಾನಾ ಬೇಡ, ಹಾಗಾಗಿ ಅದು ಈ ಲೆಕ್ಕವನ್ನು ಕೆಡಿಸುವುದಿಲ್ಲ. ಶತ್ರುವಿನ ಕೊನೆಯ ಕಾಲು ಭಾಗದ ಜೀವವನ್ನು ವ್ಯಾಂಡ್‌ನಿಂದ ತೆಗೆಯಿರಿ. ಅದು ಸಾಯುವ ಹೊತ್ತಿಗೆ ನಿಮ್ಮ ಮಾನಾ ಆಗಲೇ ಏರುತ್ತಿರುತ್ತದೆ, ದೇಹವನ್ನು ತಡಕಿ ಮುಂದಿನದರ ಹತ್ತಿರ ನಡೆಯುವಾಗಲೂ ಏರುತ್ತಲೇ ಇರುತ್ತದೆ. ನಿಮ್ಮ ಲೆವೆಲ್‌ನಲ್ಲಿ ಗ್ರೇಟರ್ ಮ್ಯಾಜಿಕ್ ವ್ಯಾಂಡ್ ಸಾಕು. ಅದನ್ನು ಎನ್‌ಚಾಂಟಿಂಗ್ ಕಲಿತವರು ಮಾಡುತ್ತಾರೆ, ಲೆವೆಲ್ 13ರಿಂದ ಹಿಡಿಯಬಹುದು. ಹರಾಜಿನಲ್ಲಿ ಸಿಗದಿದ್ದರೆ ರಾಜಧಾನಿಯಲ್ಲಿ ಒಮ್ಮೆ ಕೂಗಿ ಕೇಳಿ, ಯಾರಾದರೂ ಮಾಡಿಕೊಡುತ್ತಾರೆ.

ಒಂದು ತೋಳದ ಮೇಲೆ ಇದನ್ನು ಹೀಗೆ ಮಾಡಿ. ಫ್ರಾಸ್ಟ್‌ಬೋಲ್ಟ್ ತಲುಪುವುದು 30 ಗಜ. ಆ ಅಂಚಿನಲ್ಲಿಯೇ ನಿಂತು ಮೊದಲ ಬೋಲ್ಟ್ ಬಿಡಿ. ಈಗ ನಿಮ್ಮ ಬಳಿ ಇರುವ ದರ್ಜೆಗೆ 2.2 ಸೆಕೆಂಡ್ ಬೇಕಿತ್ತು, ಐದು ಅಂಕಗಳಿಂದ ಅದು 1.7ಕ್ಕೆ ಇಳಿದಿದೆ. ಬೋಲ್ಟ್ ತಗುಲಿದ ತೋಳದ ಓಟ ಶೇಕಡಾ 40ರಷ್ಟು ಕುಸಿಯುತ್ತದೆ. ಅದು ಕಾಲೆಳೆದುಕೊಂಡು ಬರುವಷ್ಟರಲ್ಲಿ ಇನ್ನೂ ಎರಡು ಮೂರು ಬೋಲ್ಟ್ ಹೊರಟಿರುತ್ತವೆ. ಹತ್ತಿರ ಬಂದಾಗ ಜೀವ ಅರ್ಧಕ್ಕಿಂತ ಹೆಚ್ಚಿದ್ದರೆ ಮಾತ್ರ ಸುತ್ತಲಿನ ಶತ್ರುಗಳನ್ನು ನಿಂತಲ್ಲೇ ಹೆಪ್ಪುಗಟ್ಟಿಸುವ ಫ್ರಾಸ್ಟ್ ನೋವಾ ಹಾಕಿ ಹಿಂದೆ ಸರಿಯಿರಿ. ಕಡಿಮೆ ಇದ್ದರೆ ನೋವಾ ಬೇಡ, ಅದಕ್ಕೂ ಮಾನಾ ಬೇಕು. ನಿಂತಲ್ಲೇ ನಿಂತು ವ್ಯಾಂಡ್ ಹೊಡೆಯಿರಿ, ಎರಡು ಕಡಿತ ಬಿದ್ದರೆ ಬೀಳಲಿ. ಕಳೆದ ಜೀವ ಸುಮ್ಮನೆ ನಡೆಯುವಾಗ ಮರಳುತ್ತದೆ. ಮಾನಾಕ್ಕೂ ಜೀವಕ್ಕೂ ಇಲ್ಲಿ ಬೆಲೆ ಒಂದೇ ಅಲ್ಲ, ಜೀವ ಅಗ್ಗ.

ಇನ್ನೊಂದು. ನಿಮಗಿಂತ ಮೇಲಿನ ಲೆವೆಲ್‌ನ ಶತ್ರುಗಳ ಬೆನ್ನು ಹತ್ತಬೇಡಿ. ಸಮ ಲೆವೆಲ್‌ನ ಶತ್ರುವಿನ ಮೇಲೆ ಮಂತ್ರ ತಪ್ಪುವ ಸಾಧ್ಯತೆ ಶೇಕಡಾ 4. ಒಂದು ಲೆವೆಲ್ ಮೇಲಿದ್ದರೆ 5, ಎರಡು ಮೇಲಿದ್ದರೆ 6. ಮೂರು ಮೇಲಿದ್ದರೆ ಒಮ್ಮೆಲೇ 17ಕ್ಕೆ ಜಿಗಿಯುತ್ತದೆ. ಆರು ಮಂತ್ರಕ್ಕೆ ಒಂದು ವ್ಯರ್ಥವಾದ ಹಾಗಾಯಿತು. ನಿಮಗಿಂತ ಮೇಲಿನ ಲೆವೆಲ್‌ನ ಕೆಂಪು, ಕಿತ್ತಳೆ ಬಣ್ಣದ ಕ್ವೆಸ್ಟ್‌ಗಳನ್ನು ಪಟ್ಟಿಯಲ್ಲಿ ಹಾಗೇ ಬಿಟ್ಟು ಹಳದಿ, ಹಸಿರುಗಳನ್ನು ಮೊದಲು ಮುಗಿಸಿ.

ಕೆಂಡಸಂಪಿಗೆ:
ನಡುರಾತ್ರಿಯವರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಫೈರ್ ಬಗ್ಗೆ ಇಷ್ಟು ಬೇಗ ತೀರ್ಪು ಕೊಡಬಾರದು. ಇಪ್ಪತ್ತರವರೆಗೆ ಒಂಟಿ ಶತ್ರುವಿಗೆ ಫೈರ್‌ಬಾಲ್ ಹೆಚ್ಚು ಪೆಟ್ಟು ಕೊಡುತ್ತದೆ, ಜೊತೆಗೆ ಸುಡುವ ಪೆಟ್ಟು ಉಚಿತವಾಗಿ ಬರುತ್ತದೆ. ನಾನು ಫೈರ್‌ನಲ್ಲಿಯೇ ಕೊನೆಯ ಲೆವೆಲ್ ಆದ 60 ಮುಟ್ಟಿದವಳು. ಆಡುವಾಗ ಬರುವ ಖುಷಿಯೂ ಲೆಕ್ಕಕ್ಕೆ ಬರಬೇಕಲ್ಲವೇ?

ನಡುರಾತ್ರಿ:
ಖುಷಿಗೆ ನನ್ನ ತಕರಾರಿಲ್ಲ. ಪ್ರಶ್ನೆ ಇರುವುದು ವೇಗದ ಬಗ್ಗೆ. ಶತ್ರು ಮೈಮೇಲೆ ಬಂದು ಹೊಡೆಯತೊಡಗಿದಾಗ ಹಾಕುತ್ತಿರುವ ಮಂತ್ರ ಪ್ರತಿ ಪೆಟ್ಟಿಗೂ ಹಿಂದೆ ತಳ್ಳಲ್ಪಡುತ್ತದೆ. ಉದ್ದನೆಯ ಫೈರ್‌ಬಾಲ್‌ಗೆ ಇದು ದೊಡ್ಡ ಶಾಪ. ಫ್ರಾಸ್ಟ್‌ನಲ್ಲಿ ಶತ್ರು ತಲುಪುವುದೇ ತಡವಾದ್ದರಿಂದ ಆ ಪೆಟ್ಟುಗಳೇ ಬೀಳುವುದಿಲ್ಲ. ನೀವು ಮೆಚ್ಚಿದ ಆ ಸುಡುವ ಪೆಟ್ಟು ನೋವಾದ ಹೆಪ್ಪನ್ನು ಒಡೆದುಬಿಡುತ್ತದೆ ಎಂಬುದೂ ಇದೆ. ಹಾಗೆಂದು ಫೈರ್‌ಬಾಲ್ ದರ್ಜೆಗಳನ್ನು ಕಲಿಯದೆ ಬಿಡಬಾರದು. ನೀರಿನಿಂದ, ಹಿಮದಿಂದ ಹುಟ್ಟಿದ ಎಲಿಮೆಂಟಲ್‌ಗಳ ಮುಂದೆ ಫ್ರಾಸ್ಟ್ ಮೇಜ್ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಗುರಾಣಿ:
ವಾರಿಯರ್ ಆಡುವವನಾಗಿ ಒಂದು ಮಾತು. ರೋಗ್ ಗೆಳೆಯ ಇದ್ದಾನೆ ಎಂದಿರಿ, ಬೇರೆ ಬೇರೆ ಏಕೆ ಆಡುತ್ತಿದ್ದೀರಿ? ಇಬ್ಬರು ಸೇರಿದರೆ ಅನುಭವದ ಅಂಕ ಹಂಚಿಹೋಗುತ್ತದೆ, ಹೆಚ್ಚುವರಿ ಲಾಭ ಮೂರನೆಯವರು ಸೇರಿದ ಮೇಲೆಯೇ. ಆದರೂ ಅವನು ಶತ್ರುವನ್ನು ಹಿಡಿದು ನಿಲ್ಲಿಸಿದರೆ ನಿಮ್ಮ ಒಂದು ಬೋಲ್ಟೂ ಹಿಂದೆ ತಳ್ಳಲ್ಪಡುವುದಿಲ್ಲ, ಅವನ ಊಟ ನೀವು ಸೃಷ್ಟಿಸಿ ಕೊಡುತ್ತೀರಿ. ಹತ್ತು ಹಲ್ಲು, ಹನ್ನೆರಡು ತೊಗಲು ತರಬೇಕಾದ ಕ್ವೆಸ್ಟ್‌ಗಳನ್ನು ಮಾತ್ರ ಬೇರೆಬೇರೆಯಾಗಿ ಮಾಡಿ, ಅವುಗಳಲ್ಲಿ ಜೊತೆಗಿದ್ದರೆ ಇಬ್ಬರಿಗೂ ಇಮ್ಮಡಿ ಕೆಲಸ.

ಹಿಂಡುಗಾಹಿ:
ಹಿಂಡಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಹೊಸಬರಿಗೆ ಅರ್ಧಂಬರ್ಧ ಮಾಹಿತಿ ಸಿಕ್ಕಿ ಅವರು ಗೋರಿಯಿಂದ ಶವದವರೆಗೆ ಓಡುವುದರಲ್ಲೇ ಸಂಜೆ ಕಳೆಯುವುದನ್ನು ಕಂಡು ಬೇಸರವಾಗಿದೆ.

ಒಂದು ವೃತ್ತದೊಳಗೆ ಹಿಮ ಸುರಿಸುವ ಬ್ಲಿಝರ್ಡ್ ಮಂತ್ರ ಸಿಗುವುದು ಲೆವೆಲ್ 20ಕ್ಕೆ. ಅದಕ್ಕೆ ನಿಧಾನಗೊಳಿಸುವ ಗುಣವನ್ನು ಕೊಡುವ ಇಂಪ್ರೂವ್ಡ್ ಬ್ಲಿಝರ್ಡ್ ಟ್ಯಾಲೆಂಟ್ ಮೂರನೆಯ ಸಾಲಿನಲ್ಲಿದೆ. ಮೊದಲು ಹತ್ತು ಅಂಕ ಹಾಕಿರಬೇಕಾದ್ದರಿಂದ ಅದರ ಮೂರೂ ಅಂಕಗಳು ತುಂಬುವುದು ಬೇಗವೆಂದರೆ 22ಕ್ಕೆ. ಆಗ ಬ್ಲಿಝರ್ಡ್‌ನೊಳಗೆ ಸಿಕ್ಕ ಶತ್ರು ಶೇಕಡಾ 65ರಷ್ಟು ನಿಧಾನವಾಗುತ್ತದೆ. ಇಷ್ಟು ಓದಿ ಎಲ್ಲರೂ 22ಕ್ಕೇ ಹಿಂಡು ಎಬ್ಬಿಸಲು ಹೋಗುತ್ತಾರೆ. ಲೆಕ್ಕ ಹಾಕಿ ನೋಡಿ: ಮೊದಲ ದರ್ಜೆಯ ಬ್ಲಿಝರ್ಡ್ ಎಂಟು ಸೆಕೆಂಡಿನಲ್ಲಿ ಕೊಡುವ ಒಟ್ಟು ಪೆಟ್ಟು 200, ಬೇಡುವ ಮಾನಾ 320. ಲೆವೆಲ್ 20ರ ಸಾಮಾನ್ಯ ಶತ್ರುವಿನ ಜೀವವೇ ಐನೂರರ ಹತ್ತಿರ. ಎರಡು ಪೂರ್ತಿ ಬ್ಲಿಝರ್ಡ್ ಸುರಿದರೂ ಒಂದೂ ಸಾಯುವುದಿಲ್ಲ, ನಿಮ್ಮ ಮಾನಾ ಮಾತ್ರ ಬತ್ತಿರುತ್ತದೆ. ಹಿಂಡು ಆಗ ನಿಮ್ಮ ಕಡೆ ತಿರುಗಿ ನಡೆಯುತ್ತಿರುತ್ತದೆ. 28ಕ್ಕೆ ಎರಡನೆಯ ದರ್ಜೆ ಬಂದು, ಇಂಟೆಲೆಕ್ಟ್ ತುಂಬಿದ ಬಟ್ಟೆಗಳು ಮೈಮೇಲೆ ಬಂದ ಮೇಲೆ ಈ ಕೆಲಸಕ್ಕೆ ಇಳಿಯುವುದು ವಿವೇಕ. ಒಂದು ಇಂಟೆಲೆಕ್ಟ್ ಎಂದರೆ 15 ಮಾನಾ, ನೆನಪಿರಲಿ.

ಎಲ್ಲಿ ಮಾಡಬೇಕು ಎಂಬುದು ಹೇಗೆ ಮಾಡಬೇಕು ಎಂಬುದರಷ್ಟೇ ಮುಖ್ಯ. ಕೈಯಳತೆಯಲ್ಲಿ ಹೊಡೆಯುವ ಶತ್ರುಗಳು ಮಾತ್ರ ಇರಬೇಕು. ಬಿಲ್ಲುಗಾರ, ಮಂತ್ರಗಾರ ಒಬ್ಬನಿದ್ದರೂ ಅವನು ದೂರದಲ್ಲೇ ನಿಂತು ನಿಮ್ಮ ಬ್ಲಿಝರ್ಡ್ ಕೆಡಿಸುತ್ತಾನೆ. ನಿಧಾನಗೊಳಿಸಿದರೂ ಅವನಿಗೇನು? ಅವನು ನಡೆಯಬೇಕಾಗಿಯೇ ಇಲ್ಲ. ಶತ್ರುಗಳು ಹತ್ತಿರ ಹತ್ತಿರ ನಿಂತಿರಬೇಕು, ನೆಲ ಸಮತಟ್ಟಾಗಿರಬೇಕು, ನೀವು ಹಿಂದೆ ಸರಿಯುವ ದಿಕ್ಕಿನಲ್ಲಿ ಬೇರೆ ಪ್ರಾಣಿಗಳಿರಬಾರದು. ಎದುರಾಳಿಯ ದಪ್ಪ ಕವಚಕ್ಕೆ ಹೆದರುವ ಅಗತ್ಯವಿಲ್ಲ, ಆರ್ಮರ್ ತಡೆಯುವುದು ಕತ್ತಿಯ ಪೆಟ್ಟನ್ನು. ವಾರಿಯರ್‌ಗಳು ಶಪಿಸುತ್ತ ಬಿಟ್ಟುಹೋಗುವ ಹಿಂಟರ್‌ಲ್ಯಾಂಡ್ಸ್ ಕಡಲತೀರದ ಆಮೆಗಳು ಮೇಜ್‌ಗೆ ಹಬ್ಬ.

ಇನ್ನು ವಿಧಾನ. ನಾಲ್ಕರಿಂದ ಶುರು ಮಾಡಿ. ಹತ್ತಿರದಿಂದ ಹಾಯ್ದು ಹೋಗಿ ಒಂದೊಂದನ್ನೇ ಬೆನ್ನಿಗೆ ಹಚ್ಚಿಕೊಳ್ಳಿ. ನೇರ ಓಡಬೇಡಿ, ಬಳಸಿ ಓಡಿ, ಆಗ ಹಿಂದೆ ಬಿದ್ದವು ಮುಂದಿನವುಗಳ ಜೊತೆ ಸೇರಿಕೊಳ್ಳುತ್ತವೆ. ಎಲ್ಲವೂ ಒಂದೇ ಮುದ್ದೆಯಾದಾಗ ಫ್ರಾಸ್ಟ್ ನೋವಾ, ಅದೂ ಮೊದಲ ದರ್ಜೆಯದು. ಎಂಟು ಸೆಕೆಂಡ್ ಹೆಪ್ಪುಗಟ್ಟಿಸುವುದು ಎಲ್ಲ ದರ್ಜೆಗಳಿಗೂ ಒಂದೇ, ಮೊದಲನೆಯದಕ್ಕೆ ಮಾನಾ ಕಡಿಮೆ. ಈಗ ದೂರ ನಡೆಯಿರಿ ಅಥವಾ ಒಮ್ಮೆಲೇ ಮುಂದಕ್ಕೆ ಒಯ್ಯುವ ಬ್ಲಿಂಕ್ ಹಾಕಿ. ಇಲ್ಲಿಯೇ ಬಹಳ ಜನ ಎಡವುವುದು: ಬ್ಲಿಝರ್ಡ್ ವೃತ್ತವನ್ನು ಹಿಂಡಿನ ನಡುನೆತ್ತಿಗೆ ಇಡುತ್ತಾರೆ. ಹಾಗಿಟ್ಟರೆ ಮೊದಲ ಹನಿಗೇ ಕೆಲವುಗಳ ಹೆಪ್ಪು ಒಡೆದು ಅರ್ಧ ವೃತ್ತ ದಾಟಿ ಹೊರಬರುತ್ತವೆ. ವೃತ್ತದ ಆಚೆಯ ಅಂಚಿಗೆ ಹಿಂಡು ತಾಗುವಂತೆ, ಈಚೆಯ ಅಂಚು ನಿಮ್ಮ ಕಡೆಗಿರುವಂತೆ ಇಡಿ. ಆಗ ಅವು ಪೂರ್ತಿ ವ್ಯಾಸವನ್ನು ತೆವಳುತ್ತ ದಾಟಬೇಕು. ಹೊರಬಂದವುಗಳಿಗೆ ಎದುರಿರುವವನ್ನು ನಿಧಾನಗೊಳಿಸುವ ಕೋನ್ ಆಫ್ ಕೋಲ್ಡ್ ಕೊಟ್ಟು, ಅವುಗಳ ನಡುವಿನಿಂದ ಹಾಯ್ದು ಇನ್ನೊಂದು ದಿಕ್ಕಿಗೆ ಹೋಗಿ ಮತ್ತೆ ಬ್ಲಿಝರ್ಡ್. ಇಂಪ್ರೂವ್ಡ್ ಫ್ರಾಸ್ಟ್ ನೋವಾದ ಎರಡು ಅಂಕ ಇದ್ದರೆ ನೋವಾ 25ರ ಬದಲು 21 ಸೆಕೆಂಡಿಗೆ ಮರಳುತ್ತದೆ. ಆ ನಾಲ್ಕು ಸೆಕೆಂಡೇ ಎಷ್ಟೋ ಬಾರಿ ಪ್ರಾಣ ಉಳಿಸಿದೆ. ಕೊನೆಯ ಚೂರು ಜೀವಕ್ಕೆ ಆರ್ಕೇನ್ ಎಕ್ಸ್‌ಪ್ಲೋಷನ್.

ಲಾಭ ಎಷ್ಟು? ಒಂಟಿಯಾಗಿ ಸಮ ಲೆವೆಲ್‌ನ ಶತ್ರುವನ್ನು ಕೊಂದರೆ ಸಿಗುವ ಅನುಭವ ಲೆವೆಲ್‌ನ ಐದರಷ್ಟಕ್ಕೆ 45 ಕೂಡಿಸಿದಷ್ಟು. 30ಕ್ಕೆ ಅದು 195. ಮೂರು ಲೆವೆಲ್ ಕೆಳಗಿನದಕ್ಕೆ ಸುಮಾರು 146. ಕಡಿಮೆ ಎನಿಸುತ್ತದೆ, ಆದರೆ ಅವುಗಳ ಜೀವ ಕಡಿಮೆ, ಪೆಟ್ಟು ಕಡಿಮೆ. ಆರನ್ನು ಒಟ್ಟಿಗೆ ಕೆಡವಿ ಒಂದೇ ಬಾರಿ ನೀರಿಗೆ ಕುಳಿತರೆ ಒಂದೊಂದನ್ನೇ ಕೊಲ್ಲುವವನು ಹತ್ತಿರಕ್ಕೂ ಬರುವುದಿಲ್ಲ. ನಾನು ಯಾವಾಗಲೂ ಎರಡು ಮೂರು ಲೆವೆಲ್ ಕೆಳಗಿನವುಗಳನ್ನೇ ಆರಿಸುತ್ತೇನೆ.

ಮತ್ತೆ, ಬೆಳ್ಳಿಗೂಬೆಯವರೇ, ನಿಮ್ಮ ಫ್ರಾಸ್ಟ್‌ಬೈಟ್‌ನ ಮೂರು ಅಂಕಗಳು ಇದಕ್ಕೆ ಅಡ್ಡಿ. ಬ್ಲಿಝರ್ಡ್ ಬೀಳುವಾಗ ಅಲ್ಲೊಂದು ಇಲ್ಲೊಂದು ಹೆಪ್ಪುಗಟ್ಟಿ ನಿಂತರೆ ಹಿಂಡು ಚದುರುತ್ತದೆ. ಚದುರಿದ ಹಿಂಡು ಎಂದರೆ ಸತ್ತ ಮೇಜ್.

ಬೆಳ್ಳಿಗೂಬೆ:
ಇಷ್ಟು ವಿವರಕ್ಕೆ ಧನ್ಯವಾದ. ಹಾಗಾದರೆ ಈಗಲೇ ಟ್ಯಾಲೆಂಟ್‌ಗಳನ್ನು ಅಳಿಸಿ ಮತ್ತೆ ಹಾಕಬೇಕೇ? ನನ್ನ ಬಳಿ ಇರುವುದು ಎರಡೇ ಚಿನ್ನ.

ನಡುರಾತ್ರಿ:
ಈಗ ಬೇಡ. ಮೊದಲ ಬಾರಿ ಅಳಿಸಲು ಒಂದು ಚಿನ್ನ, ಎರಡನೆಯ ಬಾರಿಗೆ ಐದು, ಅಲ್ಲಿಂದ ಪ್ರತಿ ಬಾರಿಗೂ ಐದೈದು ಏರಿ 50ರಲ್ಲಿ ನಿಲ್ಲುತ್ತದೆ. ಅಗ್ಗದ ಆ ಮೊದಲ ಅವಕಾಶವನ್ನು ಇನ್ನೂ ಹಿಂಡು ಹಿಡಿಯಲಾಗದ 18ರಲ್ಲಿ ಏಕೆ ಮುಗಿಸುತ್ತೀರಿ?

ಜೊತೆಗೆ, ಫ್ರಾಸ್ಟ್‌ಬೈಟ್ ಬಗ್ಗೆ ಹಿಂಡುಗಾಹಿಯವರ ಮಾತು ಹಿಂಡಿಗೆ ಸರಿ, ಒಂಟಿ ಕಾಳಗಕ್ಕೆ ಅಲ್ಲ. ನಾಲ್ಕನೆಯ ಸಾಲಿನ ಶ್ಯಾಟರ್ ಐದೂ ಅಂಕ ತುಂಬಿದಾಗ ಹೆಪ್ಪುಗಟ್ಟಿದ ಶತ್ರುವಿನ ಮೇಲೆ ಕ್ರಿಟಿಕಲ್ ಪೆಟ್ಟಿನ ಸಾಧ್ಯತೆಗೆ ಶೇಕಡಾ 50 ಕೂಡುತ್ತದೆ. ಬೇಗವೆಂದರೆ 29ಕ್ಕೆ ಅದು ಪೂರ್ತಿಯಾಗುತ್ತದೆ. ಫ್ರಾಸ್ಟ್‌ಬೈಟ್ ತಾನಾಗಿಯೇ ಹೆಪ್ಪುಗಟ್ಟಿಸಿದಾಗ ಬೋಲ್ಟ್ ಹಾಕಿ, ಅದು ಗಾಳಿಯಲ್ಲಿರುವಾಗಲೇ ಫೈರ್ ಬ್ಲಾಸ್ಟ್ ಅಥವಾ ಕೋನ್ ಆಫ್ ಕೋಲ್ಡ್ ಕೊಟ್ಟರೆ ಎರಡೂ ಒಟ್ಟಿಗೆ ಬಿದ್ದು ಮುಕ್ಕಾಲು ಜೀವ ಹಾರಿಹೋಗುತ್ತದೆ. ಕ್ವೆಸ್ಟ್ ಮಾಡುತ್ತ ಏರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಹಿಂಡುಗಾಹಿ:
ಒಪ್ಪುತ್ತೇನೆ, ಆದರೆ ಎರಡು ದೋಣಿಯಲ್ಲಿ ಕಾಲಿಡಬಾರದು. ಕ್ವೆಸ್ಟ್ ಮಾಡುವವರು ಫ್ರಾಸ್ಟ್‌ಬೈಟ್ ಮತ್ತು ಶ್ಯಾಟರ್ ಹಿಡಿಯಲಿ. ಹಿಂಡು ಹಿಡಿಯುವವರು ಪರ್ಮಾಫ್ರಾಸ್ಟ್, ಇಂಪ್ರೂವ್ಡ್ ಬ್ಲಿಝರ್ಡ್, ಆರ್ಕ್ಟಿಕ್ ರೀಚ್ ಹಿಡಿಯಲಿ. ಎರಡರಲ್ಲೂ ಫ್ರಾಸ್ಟ್ ಚಾನೆಲಿಂಗ್ ಇರಲೇಬೇಕು, ಮೂರು ಅಂಕಕ್ಕೆ ಫ್ರಾಸ್ಟ್ ಮಂತ್ರಗಳ ಮಾನಾ ಶೇಕಡಾ 15 ಇಳಿಯುತ್ತದೆ.

ಕತ್ತಲಗವಿ:
ಗುಂಪಾಗಿ ಹೋಗುವ ಡಂಜನ್ ಬಗ್ಗೆ ಯಾರೂ ಹೇಳಲೇ ಇಲ್ಲ. 2019ರಲ್ಲಿ ಕ್ಲಾಸಿಕ್ ತೆರೆದಾಗ ಜಗತ್ತಿನಲ್ಲಿ ಮೊದಲು 60 ಮುಟ್ಟಿದ್ದು ಒಂದು ನೋಮ್ ಮೇಜ್. ಆಗ ಮೂರು ನಾಲ್ಕು ಮೇಜ್‌ಗಳು ಒಬ್ಬ ಹೀಲರ್ ಜೊತೆ ಸೇರಿ ಸ್ಕಾರ್ಲೆಟ್ ಮೊನಾಸ್ಟರಿ, ಝುಲ್‌ಫರಾಕ್, ಮರಾಡಾನ್‌ಗಳನ್ನು ಮತ್ತೆ ಮತ್ತೆ ಗುಡಿಸಿ ಹಾಕುವುದು ರೂಢಿಯಾಗಿತ್ತು. ಒಬ್ಬರ ನೋವಾ ಮುಗಿದಾಗ ಇನ್ನೊಬ್ಬರದು ಸಿದ್ಧ, ಹಿಂಡಿಗೆ ಬಿಡುಗಡೆಯೇ ಇಲ್ಲ. ಗುಂಪು ಸಿಕ್ಕರೆ ವೇಗದಲ್ಲಿ ಇದನ್ನು ಮೀರಿಸುವುದು ಕಷ್ಟ.

ಕೆಂಡಸಂಪಿಗೆ:
ಗುಂಪು ಸಿಕ್ಕರೆ. ಸಂಜೆ ಒಂದು ಗಂಟೆ ಮಾತ್ರ ಬಿಡುವಿರುವವರಿಗೆ ಅರ್ಧ ಗಂಟೆ ಜನ ಸೇರಿಸುವುದರಲ್ಲೇ ಹೋಗುತ್ತದೆ. ಅಂಥವರಿಗೆ ರೆಸ್ಟೆಡ್ ಅನುಭವವೇ ದೊಡ್ಡ ಆಸ್ತಿ. ಆಟ ಮುಚ್ಚುವ ಮೊದಲು ಇನ್ (ತಂಗುದಾಣ) ಅಥವಾ ರಾಜಧಾನಿ ಸೇರಿಕೊಳ್ಳಿ. ಅಲ್ಲಿ ಎಂಟು ಗಂಟೆಗೆ ಲೆವೆಲ್‌ನ ಶೇಕಡಾ 5ರಷ್ಟು ಕೂಡುತ್ತದೆ, ಒಂದೂವರೆ ಲೆವೆಲ್‌ವರೆಗೆ ಜಮೆಯಾಗುತ್ತದೆ. ಕಾಡಿನಲ್ಲೇ ಮುಚ್ಚಿದರೆ ಅದರ ಕಾಲು ಭಾಗ ಮಾತ್ರ. ಕೊಲೆಗೆ ಸಿಗುವ ಅನುಭವ ಇದರಿಂದ ಇಮ್ಮಡಿಯಾಗುತ್ತದೆ, ಕ್ವೆಸ್ಟ್ ಒಪ್ಪಿಸಿದ್ದಕ್ಕೆ ಆಗುವುದಿಲ್ಲ. ಹಾಗಾಗಿ ರೆಸ್ಟೆಡ್ ಇರುವ ದಿನ ಕೊಲ್ಲುವ ಕೆಲಸ, ಮುಗಿದ ದಿನ ಕಾಗದ ತಲುಪಿಸುವ ಕೆಲಸ.

ಲೆವೆಲ್ 20ಕ್ಕೆ ಟೆಲಿಪೋರ್ಟ್ ಕಲಿಯುವುದನ್ನೂ ಮರೆಯಬೇಡಿ. ಗೊತ್ತುಮಾಡಿದ ಊರಿಗೆ ಮರಳಿಸುವ ಹರ್ತ್‌ಸ್ಟೋನನ್ನು ನೀವು ಕ್ವೆಸ್ಟ್ ಮಾಡುವ ಊರಿನಲ್ಲಿ ಕಟ್ಟಿಡಿ. ಟ್ರೈನರ್ ಬೇಕಾದಾಗ ಟೆಲಿಪೋರ್ಟ್‌ನಿಂದ ರಾಜಧಾನಿ, ಕೆಲಸ ಮುಗಿಸಿ ಹರ್ತ್‌ಸ್ಟೋನ್‌ನಿಂದ ಮರಳಿ ಕ್ವೆಸ್ಟ್ ಊರು. ಬೇರೆ ಯಾವ ಕ್ಲಾಸ್‌ಗೂ ಈ ಅನುಕೂಲ ಇಷ್ಟು ಸಲೀಸಾಗಿ ಇಲ್ಲ. ಟೆಲಿಪೋರ್ಟ್‌ಗೆ ಬೇಕಾದ ರೂನ್ ಚೀಲದಲ್ಲಿ ಯಾವಾಗಲೂ ನಾಲ್ಕಾರು ಇರಲಿ.

ಬೆಳ್ಳಿಗೂಬೆ:
ಬಟ್ಟೆಗಳ ಬಗ್ಗೆ ಒಂದು ಪ್ರಶ್ನೆ. ಹರಾಜಿನಲ್ಲಿ ಹೆಸರಿನ ಕೊನೆಗೆ ಈಗಲ್ ಇರುವವು ಮತ್ತು ಔಲ್ ಇರುವವು ಎರಡೂ ಬೆಲೆಯಲ್ಲಿ ಹತ್ತಿರವಿವೆ. ಯಾವುದು?

ನಡುರಾತ್ರಿ:
ಈಗಲ್‌ನಲ್ಲಿ ಇಂಟೆಲೆಕ್ಟ್ ಜೊತೆ ಜೀವ ಹೆಚ್ಚಿಸುವ ಸ್ಟ್ಯಾಮಿನಾ, ಔಲ್‌ನಲ್ಲಿ ಇಂಟೆಲೆಕ್ಟ್ ಜೊತೆ ಸ್ಪಿರಿಟ್. ನಿಮ್ಮ ಹಾಗೆ ಒಂದೊಂದನ್ನೇ ಕೊಂದು ವ್ಯಾಂಡ್‌ನಿಂದ ಮುಗಿಸುವವರಿಗೆ ಔಲ್. ಐದು ಸೆಕೆಂಡ್ ಕಳೆದ ಮೇಲಿನ ಪ್ರತಿ ಕ್ಷಣವೂ ಸ್ಪಿರಿಟ್‌ಗೆ ಬೆಲೆ ತರುತ್ತದೆ. ಹಿಂಡಿಗೆ ಇಳಿದ ದಿನ ಈಗಲ್ ಕೊಳ್ಳಿ, ಅಲ್ಲಿ ಮಂತ್ರ ನಿಲ್ಲುವುದೇ ಇಲ್ಲವಾದ್ದರಿಂದ ಸ್ಪಿರಿಟ್ ಮಲಗಿರುತ್ತದೆ, ಜೀವ ಬೇಕಾಗುತ್ತದೆ. ಬಟ್ಟೆಗಿಂತ ಮೊದಲು ವ್ಯಾಂಡ್ ಕೊಳ್ಳಿ ಎಂದು ಮತ್ತೊಮ್ಮೆ ಹೇಳುತ್ತೇನೆ.

ಕತ್ತಲಗವಿ:
40ಕ್ಕೆ ಪೆಟ್ಟು ಹೀರಿಕೊಳ್ಳುವ ಐಸ್ ಬ್ಯಾರಿಯರ್ ಬಂದಾಗ ಅದನ್ನು ಒಂಟಿ ಕಾಳಗದಲ್ಲೂ ಹಾಕುತ್ತ ಹೋಗಬೇಕೇ? ಮಾನಾ ತುಂಬ ತಿನ್ನುತ್ತದೆ ಎನಿಸಿ ನಾನು ಕಟ್ಟಿಟ್ಟಿದ್ದೇನೆ.

ಹಿಂಡುಗಾಹಿ:
ಒಂಟಿ ಶತ್ರುವಿಗೆ ಬೇಡ. ಹಿಂಡಿಗೆ ಹೊರಡುವ ಮುನ್ನ ಹಾಕಿ, ನಂತರ ಕುಳಿತು ನೀರು ಕುಡಿಯಿರಿ. ಬ್ಯಾರಿಯರ್ ಒಂದು ನಿಮಿಷ ಇರುತ್ತದೆ, ನೀರು 30 ಸೆಕೆಂಡ್. ತುಂಬಿದ ಮಾನಾ, ಮೈಮೇಲೆ ಇನ್ನೂ ಅರ್ಧ ನಿಮಿಷದ ಬ್ಯಾರಿಯರ್, ಎರಡೂ ಇರುವಾಗಲೇ ಹಿಂಡು ಎಬ್ಬಿಸಲು ಹೊರಡಬಹುದು. ಅದು ಒಡೆಯುವವರೆಗೆ ಪೆಟ್ಟು ಬಿದ್ದರೂ ಮಂತ್ರ ಹಿಂದೆ ತಳ್ಳಲ್ಪಡುವುದಿಲ್ಲ, ಹಾಗಾಗಿ ಮೊದಲ ಬ್ಲಿಝರ್ಡ್ ಪೂರ್ತಿ ಎಂಟು ಸೆಕೆಂಡ್ ಬೀಳುತ್ತದೆ. ಇಪ್ಪತ್ತಕ್ಕೇ ಸಿಗುವ ಕೋಲ್ಡ್ ಸ್ನ್ಯಾಪ್ ಜೊತೆಗಿದ್ದರೆ ಕೈತಪ್ಪಿದ ಹಿಂಡಿನ ನಡುವೆ ನೋವಾ, ಕೋನ್, ಬ್ಯಾರಿಯರ್ ಮೂರನ್ನೂ ಎರಡನೆಯ ಬಾರಿ ಹಾಕಬಹುದು. ಅದಕ್ಕೆ ಹತ್ತು ನಿಮಿಷದ ಕಾಯುವಿಕೆ ಇದೆ, ಆದ್ದರಿಂದ ಅದು ಮರಳದೆ ಎಂಟು ಹತ್ತರ ದೊಡ್ಡ ಹಿಂಡನ್ನು ಎಬ್ಬಿಸಬೇಡಿ. ಆ ಹತ್ತು ನಿಮಿಷ ನಾಲ್ಕರ ಹಿಂಡುಗಳಲ್ಲೇ ಇರಿ.